ಮೂಗು ಕಟ್ಟಿದ ದನದ ಡಾಕ್ಟ್ರು

ತಲೆ ಸುತ್ತಿ ಬಚ್ಚಲಮನೆಯಲ್ಲಿ ಬೀಳಬಹುದಿತ್ತು. ಬಿದ್ದರೆ ಒಳಗಿನಿಂದ ಚಿಲಕ ಹಾಕಿರುತ್ತದೆ, ಬಾಗಿಲು ಒಡೆಯಬೇಕು, ಬಾಗಿಲು ಮನೆ ಮಾಲೀಕರದು. ಬೆಳಿಗ್ಗೆ ಮಂಚದಿಂದ ಏಳುವಾಗ ರಕ್ತವೆಲ್ಲ ಕಾಲಿಗಿಳಿದು ಕಣ್ಣಿಗೆ ಕತ್ತಲೆ ಕವಿಯಬಹುದಿತ್ತು. ಎದೆ ಡವಡವ ಅನ್ನಬಹುದಿತ್ತು. ಮುಂದೆಂದಾದರೂ ಕಣ್ಣಿನ ಪೊರೆ ತೆಗೆಸುವ ಪ್ರಸಂಗ ಬಂದು, ಯಾದಗಿರಿಯ ಡಾಕ್ಟರು ಹೊಸದಾಗಿ ಬರೆದುಕೊಟ್ಟ ಈ ಗುಳಿಗೆ ನುಂಗುತ್ತಿರುವ ಸಂಗತಿಯನ್ನು ಕಣ್ಣಿನ ಡಾಕ್ಟರಿಗೆ ಹೇಳಲು ನಾನು ಮರೆತು, ಅಲ್ಲೇನಾದರೂ ಎಡವಟ್ಟಾಗಬಹುದಿತ್ತು. ಇನ್ನೂ ಒಂದೆರಡು ಗಂಡಾಂತರಗಳನ್ನು ಗುಳಿಗೆಯ ಡಬ್ಬಿಯೊಳಗಿನ ಆ ಸಣ್ಣ ಅಕ್ಷರದ ಚೀಟಿ ಹೇಳುತ್ತಿತ್ತು. ಅವು ಗಂಡ ಹೆಂಡತಿಯ ನಡುವಿನವು. ಆಕೆ ಓದದಿರಲಿ ಎಂದು ಚೀಟಿಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಆ ಅಂಗಿಯನ್ನು ಒಗೆಯುವವಳು ಆಕೆಯೇ ಎಂಬುದು ಆಮೇಲೆ ಹೊಳೆದು ಚಿಂತೆಗೆ ಇನ್ನೊಂದು ಚಿಂತೆ ಸೇರಿತು.

ಇವುಗಳಲ್ಲಿ ಯಾವುದೂ ಆಗಲಿಲ್ಲ. ಮೂಗು ಕಟ್ಟಿತು, ಅಷ್ಟೇ.

ನೆಗಡಿಯಿಲ್ಲ, ಸೀನಿಲ್ಲ, ಆದರೂ ಎರಡೂ ಹೊಳ್ಳೆ ಮುಚ್ಚಿಕೊಂಡಿದ್ದವು. ಬೆಳಿಗ್ಗೆ ಅಡುಗೆಮನೆಯ ಕಡೆ ತಿರುಗಿ "ಮೂಗು ಕಟ್ಟ್ಯದ ನೋಡು" ಎಂದೆ. ಬಾಯಿಂದ ಬಂದದ್ದು "ಬೂಗು." ಒಳಗೆ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೈಯಲ್ಲಿ ಚಹಾದ ಸೋಸಣಿಗೆ ಹಿಡಿದು ಬಾಗಿಲಿಗೆ ಬಂದಳು.

"ಅಯ್ಯ, ನಮ್ಮ ದನದ ಡಾಕ್ಟ್ರು ಬಂದು ಮಾತಾಡ್ದಂಗಾತಲ್ರಿ..."

ಆ ದನಿ ನಮ್ಮ ಮನೆಯಲ್ಲಿ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಅದು ನನ್ನ ಗಂಟಲಿನಿಂದಲೇ ಬರುತ್ತದೆಂದು ನಾನು ಎಣಿಸಿರಲಿಲ್ಲ. ನಾನು ಎಣಿಸದೇ ಇರುವ ಅನಾಹುತಗಳು ಕಡಿಮೆ, ಆದರೂ.

ಶಹಾಪುರದ ಹತ್ತಿರ ಕಾಲುವೆಯವರ ಕಾಲೊನಿಯಲ್ಲಿ ಅವರ ಕ್ವಾರ್ಟರ್ಸಿಗೂ ನಮ್ಮ ಕ್ವಾರ್ಟರ್ಸಿಗೂ ನಡುವೆ ಒಂದೇ ಗೋಡೆ. ನಾನು ಕಾಲುವೆ ಆಫೀಸಿನಲ್ಲಿ ಕ್ಲರ್ಕು, ಆಗಿನ್ನೂ ಹೊಸದಾಗಿ ಮದುವೆಯಾದವನು. ಅವರು ಅಲ್ಲಿನ ದನದ ದವಾಖಾನೆಯ ಡಾಕ್ಟರು, ನಡುವಯಸ್ಸು ದಾಟಿದವರು. ಕೃಷ್ಣೆಯ ನೀರು ಒಂದೊಂದೇ ಉಪಕಾಲುವೆಗೆ ಇಳಿಯುತ್ತಿದ್ದ ವರ್ಷಗಳವು. ನಿನ್ನೆ ಜೋಳ, ತೊಗರಿ ಇದ್ದ ಕರಿ ಹೊಲದಲ್ಲಿ ಇವತ್ತು ಮೊಣಕಾಲುದ್ದ ನೀರು ನಿಲ್ಲಿಸಿ ಜನ ಭತ್ತದ ಸಸಿ ನೆಡುತ್ತಿದ್ದರು. ಎಲ್ಲಿ ನೋಡಿದರೂ ಮಣ್ಣು ಹೊತ್ತ ಟಿಪ್ಪರುಗಳು. ಆ ಧೂಳಿಗೇ ಡಾಕ್ಟರ ಮೂಗು ಕಟ್ಟಿದೆ ಎಂದು ಕಾಲೊನಿಯವರೆಲ್ಲ ನಂಬಿದ್ದರು. ಅವರು ಆಡಿದ 'ಮ' ಎಲ್ಲ 'ಬ' ಆಗಿ ಹೊರಬೀಳುತ್ತಿತ್ತು. ಮಕ್ಕಳು ಗೋಡೆಯ ಮರೆಯಲ್ಲಿ ನಿಂತು ಹಾಗೇ ಅಣಕಿಸುತ್ತಿದ್ದವು. ಇಲ್ಲಿ ನಾನು ಅವರ ಮಾತುಗಳನ್ನು ತಿದ್ದಿಯೇ ಬರೆದಿದ್ದೇನೆ.

ಇದರ ಜೊತೆಗೆ ಅವರಿಗೆ ಬಿಪಿ ಇದೆ ಎಂಬ ಸುದ್ದಿಯೂ ಹಬ್ಬಿತ್ತು. ಶಹಾಪುರದ ಔಷಧಿ ಅಂಗಡಿಯವನು ಹಬ್ಬಿಸಿದ್ದು. ಅವರು ತಿಂಗಳು ತಿಂಗಳು ಒಯ್ಯುತ್ತಿದ್ದ ಗುಳಿಗೆ ಬಿಪಿಯದು ಎಂದು ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತಿರುತ್ತಿತ್ತು. ಹೀಗಾಗಿ ಕಾಲೊನಿಯ ಹೆಂಗಸರು ಡಾಕ್ಟರಿಗೆ ಉಪ್ಪಿಲ್ಲದ ಉಪ್ಪಿಟ್ಟು ಕೊಡುತ್ತಿದ್ದರು, ಉಪ್ಪಿಲ್ಲದ ಸಾರು ಬಡಿಸುತ್ತಿದ್ದರು. ನನ್ನ ಹೆಂಡತಿಯೂ ಹಾಗೇ ಮಾಡಿದಳು. ಅವರು ಕೃತಜ್ಞತೆಯಿಂದ ತಿನ್ನುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಯಾವ ಗುಟ್ಟಿಗಾಗಿ ಆ ಮನುಷ್ಯ ಅಷ್ಟು ಸಪ್ಪೆ ಸಾರು ಕುಡಿದರು ಎಂಬುದು ನನಗೆ ತಿಳಿದದ್ದು ಕಕ್ಕೇರಾದಲ್ಲಿ, ನಮ್ಮ ಅಣ್ಣನ ದನದ ಕೊಟ್ಟಿಗೆಯ ಮುಂದೆ. ಅದಕ್ಕೆ ಬರುತ್ತೇನೆ.

ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. "ಏನ್ರಿ ಫಿಕರ್ ಸಾಹೇಬ್ರ, ಇವತ್ತ ಯಾವ ಫಿಕರು?" ಎಂದು ಸಂಜೆ ಮೆಟ್ಟಿಲ ಮೇಲೆ ಬಂದು ಕೂಡುತ್ತಿದ್ದರು. ನಾನು ಆ ದಿನದ ಚಿಂತೆಗಳನ್ನು ಒಪ್ಪಿಸುತ್ತಿದ್ದೆ. ಕಾಲುವೆಯ ದಂಡೆ ಒಡೆದರೆ ಮೊದಲು ಮುಳುಗುವುದು ನಮ್ಮ ಸಾಲಿನ ಕ್ವಾರ್ಟರ್ಸೇ ಅಲ್ಲವೇ, ಹೀಗೆ. ಅವರು ಪೂರ್ತಿ ಕೇಳಿ, ನನ್ನನ್ನು ಸಮಾಧಾನಪಡಿಸುವ ಗೊಡವೆಗೇ ಹೋಗದೆ, ತಮ್ಮ ಹೈದರಾಬಾದಿನ ಕಾಲೇಜಿನ ದಿನಗಳಿಗೆ ಇಳಿದುಬಿಡುತ್ತಿದ್ದರು. ಅಲ್ಲಿ ಹೆಚ್ಚಿನ ಓದಿಗೆಂದು ಸೇರಿದಾಗ ಗುರುಗಳು ಅವರಿಗೆ ಕೊಟ್ಟದ್ದು ವಿಚಿತ್ರ ಕೆಲಸ. ನಾಯಿಯದೋ ಮೊಲದ್ದೋ ಮೂತ್ರನಾಳ, ಮೂತ್ರಚೀಲದ ಕುತ್ತಿಗೆ, ಆ ಕುತ್ತಿಗೆಯನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗಡ್ಡೆ... ಇವುಗಳ ಸ್ನಾಯುವಿನಿಂದ ಶ್ಯಾವಿಗೆಯಂಥ ಒಂದೊಂದು ಎಳೆ ಕತ್ತರಿಸಿ, ಮೈಯಷ್ಟೇ ಬೆಚ್ಚಗಿನ ಉಪ್ಪುನೀರಿನ ಗಾಜಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಡುವುದು. ದಾರದ ಇನ್ನೊಂದು ತುದಿ ಒಂದು ಕಡ್ಡಿಗೆ. ಆ ಕಡ್ಡಿಯ ತುದಿ, ಮಸಿ ಹಿಡಿಸಿದ ಕಾಗದ ಸುತ್ತಿ ನಿಧಾನ ತಿರುಗುವ ಡ್ರಮ್ಮಿನ ಮೇಲೆ ಗೀರುತ್ತ ಹೋಗುವುದು.

"ಪಾತ್ರಿಗಿ ಒಂದು ಹನಿ ಬಿಡ್ತಿದ್ದೆ ನೋಡ್ರಿ. ನಮಗ ಸಿಟ್ಟು, ಅಂಜಿಕಿ, ಗಡಿಬಿಡಿ ಆದಾಗ ಮೈಯಾಗ ಏಳ್ತದಲ್ಲ, ಅದರ ಜಾತಿ ಹನಿ. ಎಳಿ ಗಪ್ಪನ ಬಿಗಿ ಹಿಡೀತಿತ್ತು. ಕಡ್ಡಿ ಮ್ಯಾಲೇರಿ ಕಾಗದದ ಮ್ಯಾಲ ಗುಡ್ಡ ಬರೀತಿತ್ತು. ಮತ್ತ ಮಜಾ ಏನಂದ್ರ, ಚೀಲದ ಮೈಯ ಎಳಿಗಿ ಆ ಹನಿ ಪರವಾ ಇಲ್ಲ. ಬಿಗಿ ಹಿಡಿಯಾದು ಕುತ್ತಿಗಿ, ನಾಳ, ಗಡ್ಡಿ. ಬಾಗಲದ ಕಡಿಯವರು ಅಷ್ಟ."

"ಅಂದ್ರ ಅಂಜಿಕಿ ಇದ್ದವರಿಗಿ..." ಎಂದು ನಾನು ಕಾಲು ಒತ್ತಾಗಿ ಜೋಡಿಸಿಕೊಂಡೆ.

"ಹಾಂ, ನಿಮ್ಮಂಥವರಿಗಿ ತಕಲೀಫು. ಆಮ್ಯಾಲ ಅದನ್ನೆಲ್ಲ ತೊಳದು, ಮೊದ್ಲ ಆಲ್ಫಾ ಬ್ಲಾಕರ್ ದವಾ ಬಿಟ್ಟು, ಜರಾ ಹೊತ್ತು ಬಿಟ್ಟು ಅದೇ ಹನಿ ಹಾಕ್ತಿದ್ದೆ. ಕಡ್ಡಿ ಅಲುಗಾಡ್ತಿರಲಿಲ್ಲ. ಗುಡ್ಡ ಇರಬೇಕಾದಲ್ಲಿ ಬಯಲು."

ಅದು ಹೇಗೆ ಎಂದು ಕೇಳಿದೆ.

"ನಿಮ್ಮ ಆಫೀಸಿನ ಲೆಕ್ಕದಾಗ ಹೇಳ್ತೀನಿ. ಗೇಟು ಬಿಗಿ ಮಾಡ್ರಿ ಅಂತ ಮ್ಯಾಲಿಂದ ಹುಕುಂ ತಗೊಂಡು ಒಬ್ಬ ಬರ್ತಾನ. ಅವ ಕೂಡಾಕ ಒಂದು ಕುರ್ಚಿ ಅದ. ಕುಂತ್ರ ಹುಕುಂ ಜಾರಿ. ಈ ದವಾ ಏನ್ ಮಾಡ್ತದ? ಅವ ಬರೋಕಿನ ಮೊದ್ಲ ಬಂದು ಆ ಕುರ್ಚಿ ಮ್ಯಾಲ ಕುಂತುಬಿಡ್ತದ. ತಾನೂ ಏನೂ ಕೆಲಸಾ ಮಾಡಂಗಿಲ್ಲ, ಇನ್ನೊಬ್ಬಗೂ ಮಾಡಾಕ ಬಿಡಂಗಿಲ್ಲ."

"ಅಂಥವ್ರು ನಮ್ಮ ಆಫೀಸಿನ್ಯಾಗ ಭಾಳ ಮಂದಿ ಅದಾರ್ರಿ."

"ಅದಕ್ಕ ನಿಮಗ ಜಲ್ದಿ ತಿಳೀತದಂತ ಹೇಳ್ದೆ," ಎಂದು ನಕ್ಕರು. ನಕ್ಕವರು ಮಾತಿನ ನಡುವೆಯೇ ಎದ್ದು ಒಳಗೆ ಹೋದರು. ಅವರು ಹಾಗೆ ಆಗಾಗ ಏಳುತ್ತಿದ್ದರು. ಹಳ್ಳಿಗೆ ಹೊರಟಾಗಲೂ ಅಷ್ಟೇ. ಅವರ ಮೋಟರ್ ಸೈಕಲ್ಲಿನ ಹಿಂದೆ ಕುಳಿತು ನಾನು ಸುರಪುರದವರೆಗೆ ಹೋದದ್ದುಂಟು. ನಡುನಡುವೆ ಗಾಡಿ ನಿಲ್ಲಿಸಿ "ಜರಾ ಜಮೀನು ನೋಡಿ ಬರ್ತೀನಿ" ಎಂದು ಜಾಲಿಗಿಡದ ಹಿಂದೆ ಮರೆಯಾಗುತ್ತಿದ್ದರು. ಮಣ್ಣಿನ ಬಗ್ಗೆ ಇವರಿಗೆಷ್ಟು ಕುತೂಹಲ ಎಂದು ನಾನು ಗೌರವಪಡುತ್ತಿದ್ದೆ. ಹೊಲ ಕೊಳ್ಳುವ ಯೋಚನೆ ಇರಬೇಕೆಂದು ಹೆಂಡತಿಗೂ ಹೇಳಿದ್ದೆ.

ಒಂದು ಬೆಳಿಗ್ಗೆ ನಮ್ಮ ಅಣ್ಣ ಕಕ್ಕೇರಾದಿಂದ ಬಂದು ಆಫೀಸಿನ ಬಾಗಿಲಲ್ಲಿ ನಿಂತ. ಬಂದವನೇ ಇಡೀ ಆಫೀಸಿಗೆ ಕೇಳುವಂತೆ ಮಾತಾಡುವ ಮನುಷ್ಯ ಅಂದು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ಪಿಸುಗುಟ್ಟಿದ.

"ತಮ್ಮಾ, ಬಲಗಡಿ ಎತ್ತು ನಿನ್ನಿಂದ ಉಚ್ಚಿ ಹೊಯ್ದಿಲ್ಲೋ."

ಆ ಎತ್ತು ಎಂದರೆ ಅಣ್ಣನಿಗೆ ಏನು ಎಂಬುದನ್ನು ಹೇಳಬೇಕು. ನೊಗದ ಬಲಕ್ಕೆ ಹೂಡುವ ಎತ್ತು ಅದು, ಬಿಳಿ ಮೈ, ಕರಿ ಕೊಂಬು. ಕಾಲುವೆ ನೀರು ಬಂದು ಮೊದಲ ಭತ್ತ ಮನೆಗೆ ಬಂದಾಗ ಅಣ್ಣ ಮಾಡಿದ ಮೊದಲ ಕೆಲಸ, ಗಿರಣಿಯಿಂದ ತೌಡಿನ ಚೀಲ ತರಿಸಿದ್ದು. "ನಮ್ಮಪ್ಪ ಜ್ವಾಳದ ಕಣಕಿ ಹಾಕಿ ಎತ್ತು ಸಾಕಿದ. ನನ್ನ ಎತ್ತು ತೌಡು ತಿಂತಾವ, ತೌಡು!" ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಎತ್ತಿನ ಪಕ್ಕೆ ಮುಟ್ಟಿಸುತ್ತಿದ್ದ. ಒಣ ದಂಟಿನ ಕಣಿಕೆ ಬಡವರ ಎತ್ತಿಗೆ ಎಂಬಂತಾಗಿತ್ತು. ಊರಲ್ಲಿ ನೀರಾವರಿ ಬಂದ ಮನೆಗಳೆಲ್ಲ ಅದೇ ಮಾಡುತ್ತಿದ್ದವು. ಎತ್ತು ಮಿಂಚುತ್ತಿತ್ತು. ನಾನು ಮಾತ್ರ ಅದಕ್ಕೆ ದೃಷ್ಟಿಯಾದೀತೆಂದು ಚಿಂತಿಸುತ್ತಿದ್ದೆ. ಚಿಂತಿಸಬೇಕಾದ್ದನ್ನು ಬಿಟ್ಟು ಬೇರೆಯದನ್ನೇ ಚಿಂತಿಸುವುದು ನನ್ನ ವಿದ್ಯೆ.

ನಾಟಿಗೆ ಗದ್ದೆ ಕೆಸರು ಮಾಡುವ ಹೊತ್ತು. ಜೋಡಿ ಮುರಿದರೆ ಅಣ್ಣನ ಆ ಬೆಳೆ ಹೋದಂತೆ. ಕಾಲುವೆ ದಂಡೆಯ ಮೇಲೆ ಆ ಕಡೆಗೇ ಹೊರಟಿದ್ದ ನಮ್ಮ ಆಫೀಸಿನ ಜೀಪಿನಲ್ಲಿ ಡಾಕ್ಟರು, ಅಣ್ಣ, ನಾನು ಹತ್ತಿದೆವು. ಮುಂದಿನ ಸೀಟಿನಲ್ಲಿ ಇಂಜಿನಿಯರ್ ಸಾಹೇಬರಿದ್ದರು. ಅಂದು ಡಾಕ್ಟರು ಎಲ್ಲಿಯೂ ಜಮೀನು ನೋಡಲು ಇಳಿಯಲಿಲ್ಲ. ಜೀಪು ಕುಲುಕಿದಾಗೆಲ್ಲ ಕಂಬಿ ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದರು. ಎತ್ತಿನ ಚಿಂತೆ ಇವರಿಗೂ ಹತ್ತಿದೆಯಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಯಿತು.

ಅಣ್ಣನ ಮನೆಯ ಮುಂದೆ ಸಣ್ಣ ಸಂತೆಯೇ ನೆರೆದಿತ್ತು. ಎತ್ತು ಕಾಲು ಅಗಲಿಸಿ, ಬೆನ್ನು ಕಮಾನು ಮಾಡಿ, ಬಾಲ ಎತ್ತಿ ಎತ್ತಿ ತಿಣುಕುತ್ತಿತ್ತು. ಸುತ್ತ ನಿಂತ ಗಂಡಸರೆಲ್ಲ ತುಟಿ ಮುಂದೆ ಮಾಡಿ ಸಿಳ್ಳೆ ಹಾಕುತ್ತಿದ್ದರು. ಕುಣಿಯುವ ಸಿಳ್ಳೆಯಲ್ಲ. ನೇಗಿಲು ನಿಲ್ಲಿಸಿ ಎತ್ತಿಗೆ ಉಚ್ಚೆ ಹೊಯ್ಯಿಸುವಾಗ ಹಾಕುವ, ನೀರು ಸುರಿದಂಥ, ಸಣ್ಣಗೆ ಎಳೆಯುವ ಸಿಳ್ಳೆ. ಒಬ್ಬನ ಉಸಿರು ಮುಗಿದರೆ ಪಕ್ಕದವನು ಹಿಡಿದುಕೊಳ್ಳುತ್ತಿದ್ದ. ನಿನ್ನೆಯಿಂದ ಪಾಳಿಯ ಮೇಲೆ ನಡೆದಿತ್ತಂತೆ.

ಡಾಕ್ಟರು ಆ ಸದ್ದು ಕೇಳಿ ನಿಂತಲ್ಲೇ ಒಮ್ಮೆ ಮುದುಡಿದರು. ಆಮೇಲೆ ಎತ್ತಿನ ಹೊಟ್ಟೆಯಡಿ ಬಗ್ಗಿ, ಉಚ್ಚೆ ಹೊಯ್ಯುವಲ್ಲಿನ ಕೂದಲ ಕುಚ್ಚನ್ನು ಬೆರಳಲ್ಲಿ ಹೊಸಕಿ ಅಣ್ಣನನ್ನು ಕರೆದರು. "ಮುಟ್ರಿ." ನಾನೂ ಮುಟ್ಟಿದೆ. ಕೂದಲಿಗೆ ಸಣ್ಣ ಉಸುಕಿನಂಥದ್ದು ಅಂಟಿತ್ತು.

"ಬರೇ ತೌಡು, ನೀರು ಕಮ್ಮಿ. ಒಳಗ ಉಸುಕು ಕಟ್ಟ್ಯದ." ತೋಳಿಗೆ ಎಣ್ಣೆ ಸವರಿಕೊಂಡು ಹಿಂದಿನಿಂದ ಕೈ ಹಾಕಿ ನೋಡಿದರು. "ಚೀಲ ಬಿಗದದ. ಒಡದಿಲ್ಲ." ಇಷ್ಟು ಹೇಳಿ, ಕೈ ತೊಳೆದವರೇ, "ಜರಾ ಬಂದೆ" ಎಂದು ಕಣಿಕೆ ಬಣವೆಯ ಹಿಂದಿನ ಬೇಲಿಯ ಕಡೆ ನಡೆದುಬಿಟ್ಟರು.

ಹೋದವರು ಬರಲೇ ಇಲ್ಲ. ಸಿಳ್ಳೆ ನಡೆದೇ ಇತ್ತು. ಎತ್ತು ನರಳುತ್ತಿತ್ತು. ಅಣ್ಣ ನನ್ನ ಮುಖ ನೋಡಿದ. ಡಾಕ್ಟರಿಗೆ ಎತ್ತು ಉಳಿಯುವುದಿಲ್ಲವೆಂದು ಗೊತ್ತಾಗಿ ಹೊಲದೊಳಗಿಂದ ರಸ್ತೆ ಸೇರಿ ಬಸ್ಸು ಹತ್ತಿದ್ದಾರೆ ಎಂಬವರೆಗೂ ನಾನು ಯೋಚಿಸಿದೆ. ಅಷ್ಟರಲ್ಲಿ ಬಣವೆಯ ಹಿಂದೆ ಇಣುಕಿ ಬಂದವಳು ಅಣ್ಣನ ಅತ್ತೆ. ಮಗಳ ಮನೆಯಲ್ಲೇ ಇರುತ್ತಿದ್ದ ಮುದುಕಿ, ಊರಿಗೆಲ್ಲ ಬಾಯಿ.

"ನಿಮ್ಮ ಡಾಕ್ಟ್ರು ಎಲ್ಲೂ ಹೋಗಿಲ್ಲೇಳ್ರೋ. ಬ್ಯಾಲಿ ಮುಂದ ನಿಂತಾನ. ಎತ್ತು ನಿಂತಂಗ ನಿಂತಾನ. ಅವಗೂ ಒಂದೀಟು ಸಿಳ್ಳಿ ಹಾಕ್ರಿ, ಪುಣ್ಯಾ ಬರ್ತದ!"

ಗುಂಪು ಹೋ ಎಂದು ನಕ್ಕಿತು. ಡಾಕ್ಟರು ಬಣವೆಯ ಹಿಂದಿನಿಂದ ಬಂದರು. ಮುಖ ಕೆಂಪಾಗಿತ್ತು, ಹಣೆಯಲ್ಲಿ ಬೆವರು. ನಕ್ಕವರ ಕಡೆ ನೋಡದೆ ಅಣ್ಣನಿಗೆ ಎರಡೇ ದಾರಿ ಇವೆ ಎಂದರು. ಒಂದು ಸೂಜಿ. ಹಾಯುವ ಎತ್ತನ್ನು ತಣ್ಣಗೆ ಮಾಡಲು ಕೊಡುವ ಸೂಜಿಯೇ, ಆದರೆ ಅದರಲ್ಲಿ ಆ ಕುರ್ಚಿ ಹಿಡಿಯುವ ಗುಣವೂ ಇದೆ. ಬಿಗಿದ ನಾಳ ಸಡಿಲಾಗಿ ಉಸುಕು ಜಾರಿದರೆ ಗೆದ್ದಂತೆ. ಕಲ್ಲೇ ಸಿಕ್ಕಿಕೊಂಡಿದ್ದರೆ ಇನ್ನೊಂದು ದಾರಿ ಚಾಕು. ಬಾಲದ ಕೆಳಗೆ ಕೊಯ್ದು ನಾಳಕ್ಕೆ ಬೇರೆ ಬಾಯಿ ಮಾಡುವುದು.

"ಎತ್ತು ಬದುಕ್ತದ, ನೇಗಿಲಾ ಹೊಡೀತದ. ಬರೇ ಇಷ್ಟ, ಉಚ್ಚಿ ಹಿಂದಿಂದ ಹೊಯ್ತದ, ಆಕಳಾ ಹೊಯ್ದಂಗ."

ಅಣ್ಣನ ಮುಖ ಕಪ್ಪಿಟ್ಟಿತು. "ಬ್ಯಾಡ್ರಿ. ಸತ್ರ ಸಾಯ್ಲಿ. ಊರ ಮಂದಿ ಮುಂದ ನನ್ನ ಎತ್ತು ಆಕಳಾಗಾದು ಬ್ಯಾಡ."

"ನಗಾವ್ರು ನಾಕು ದಿನ ನಗ್ತಾರ! ಮರ್ಯಾದಿ ಸಲುವಾಗಿ ಜೀವಾ ಕೊಲ್ಲಾದು ಯಾವ ಶಾಣ್ಯಾತನ? ಚೀಲ ಒಡದ್ರ ಎರಡು ದಿನ ನರಳಿ ಸಾಯ್ತದ, ಗೊತ್ತದೇನು?" ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಟ್ಟಿದ ಮೂಗಿನಲ್ಲಿ ಆ ಕೂಗಿಗೆ ಪೂರ್ತಿ ಬಲ ಬರಲಿಲ್ಲ.

ಮುದುಕಿ ಸೊಂಟಕ್ಕೆ ಕೈಯಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮತ್ತ ನೀ ಯಾಕ ಕೊಯ್ಸ್ಕೊಂಡಿಲ್ಲೋ ಯಪ್ಪಾ?"

ಸಿಳ್ಳೆ ಹಾಕುತ್ತಿದ್ದವರೂ ನಿಲ್ಲಿಸಿದರು. ಡಾಕ್ಟರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಒರೆಸಿದರು. ನನಗೆ ಆಗ ಹಾದಿಯ ಜಾಲಿಗಿಡಗಳೆಲ್ಲ ಒಂದೊಂದಾಗಿ ನೆನಪಾದವು.

"ಅಂಜಿಕಿ, ಯವ್ವಾ," ಎಂದರು. "ದವಾಖಾನ್ಯಾಗ ಆ ಮ್ಯಾಜಿನ ಮ್ಯಾಲ ಮಲಗಾದು ನೆನಸ್ಕೊಂಡ್ರ ಕಾಲು ನಡುಗ್ತಾವ. ನಾ ಎಷ್ಟೋ ಜೀವಾ ಮಲಗಿಸೀನಿ ಅಂಥಾ ಮ್ಯಾಜಿನ ಮ್ಯಾಲ."

ಮುದುಕಿಯ ದನಿ ತಗ್ಗಿತು, ಆದರೆ ಬಿಡಲಿಲ್ಲ. "ಹಂಗಾದ್ರ ಒಂದು ಮಾತು. ಸೂಜಿ ನಡೀಲಿಲ್ಲಂದ್ರ ನನ್ನ ಅಳಿಯ ಚಾಕೂಗಿ ಒಪ್ತಾನ. ಸೂಜಿ ನಡೀಲಿ ಬಿಡ್ಲಿ, ನೀನೂ ಒಪ್ಪು. ಬಸವಣ್ಣನ ಬೆನ್ನ ಮುಟ್ಟಿ ಹೇಳು, ಗುಲ್ಬರ್ಗಾ ದವಾಖಾನಿಗಿ ಹೋಗ್ತೀನಂತ."

ಅಣ್ಣ ಎತ್ತಿನ ಬೆನ್ನ ಮೇಲೆ ಕೈಯಿಟ್ಟ. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರೂ ಇಟ್ಟರು. "ಹೋಗ್ತೀನಿ" ಎಂದರು. ಎತ್ತಿನ ಚರ್ಮ ಅವರ ಅಂಗೈಯಡಿ ಒಮ್ಮೆ ಅದುರಿತು.

ಸೂಜಿ ಚುಚ್ಚಿದ ಮೇಲೆ ಎತ್ತಿನ ತಲೆ ನಿಧಾನಕ್ಕೆ ಇಳಿಯಿತು. ರೆಪ್ಪೆ ಜೋತವು, ಕೆಳತುಟಿ ಸಡಿಲಾಯಿತು. ಯಾರೋ ಮತ್ತೆ ಸಿಳ್ಳೆ ಶುರುಮಾಡಿದರೆ ಡಾಕ್ಟರು ಕೈ ಎತ್ತಿ, "ನಿಮ್ಮ ಕಾಲಿಗಿ ಬೀಳ್ತೀನಿ, ನಿಲ್ಲಸ್ರಿ, ನನಗ ತ್ರಾಸಾಗ್ತದ" ಎಂದರು. ಎಲ್ಲರೂ ಬೇವಿನ ನೆರಳಿಗೆ ಸರಿದು ಸುಮ್ಮನೆ ಕಾದೆವು. ಚೀಲ ಒಡೆಯಬಹುದು, ಸೂಜಿ ಹೆಚ್ಚಾಗಿ ಎತ್ತು ಮಲಗಿದ್ದು ಏಳದಿರಬಹುದು, ಅಣ್ಣ ಕೊನೆ ಗಳಿಗೆಯಲ್ಲಿ ಮಾತು ತಪ್ಪಬಹುದು... ನಾನು ಇವೆಲ್ಲವನ್ನೂ ಮುಗಿಸಿ ಮೊದಲಿನಿಂದ ಶುರುಮಾಡುವಷ್ಟರಲ್ಲಿ ಮುದುಕಿ ಬೆರಳು ತೋರಿಸಿದಳು. ಹೊಟ್ಟೆಯಡಿ ಒಂದು ಹನಿ. ಇನ್ನೊಂದು. ಆಮೇಲೆ ನೂಲಿನಷ್ಟು ಧಾರೆ, ಕಡಿದು ಹೋಯಿತು, ಮತ್ತೆ ಬಂತು, ಒಮ್ಮೆಲೇ ಭೋರೆಂದು ಸುರಿಯಿತು. ಅಣ್ಣ ಓಡಿಹೋಗಿ ಬೊಗಸೆ ಒಡ್ಡಿದ. ಬೊಗಸೆಯ ತಳದಲ್ಲಿ ಬಿಳಿ ಉಸುಕು ನಿಂತಿತು. ಅದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕುಳಿತು ಅಳುತ್ತಿದ್ದ.

"ನಿನ್ನ ತೌಡಿಗಿಷ್ಟು ಬೆಂಕಿ ಹಚ್ಚಾ," ಎಂದಳು ಅತ್ತೆ, ಸೆರಗಿನಿಂದ ತನ್ನ ಕಣ್ಣೊರೆಸಿಕೊಳ್ಳುತ್ತ.

ಕಣಿಕೆ ಹಾಕಿ, ಉಪ್ಪು ನೆಕ್ಕಿಸಿ, ನೀರು ಕುಡಿಸಿ, ತೌಡು ಕಡಿಮೆ ಮಾಡಿ ಎಂದು ಹೇಳಿ ಡಾಕ್ಟರು ಚೀಲ ಕಟ್ಟಿದರು. ಹೊರಡುವಾಗ ಒಮ್ಮೆ ತಿರುಗಿ ನೋಡಿದರು. ಎತ್ತು ಇನ್ನೂ ಹೊಯ್ಯುತ್ತಲೇ ಇತ್ತು. ಒಬ್ಬ ಮನುಷ್ಯ ಎತ್ತಿನ ಮೇಲೆ ಅಷ್ಟೊಂದು ಹೊಟ್ಟೆಕಿಚ್ಚು ಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರಳಿ ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಎಲ್ಲ ಹೇಳಿದರು. ಗಡ್ಡೆ ಬೆಳೆದಿದೆ. ಕೊಯ್ಸಿಕೊಳ್ಳಿ ಎಂದು ಗುಲ್ಬರ್ಗಾದ ಡಾಕ್ಟರು ಹೇಳಿ ಬಹಳ ದಿನವಾಯಿತು. ಬಿಪಿಗೆಂದು ಮಾರುವ ಗುಳಿಗೆಯೂ ತಮ್ಮ ಗಾಜಿನ ಪಾತ್ರೆಯ ದವಾದ ಜಾತಿಯದೇ ಎಂದು ಇವರಿಗೆ ಗೊತ್ತು. ಅದನ್ನೇ ಅಳೆದು ಅಳೆದು, ಬಹಳ ಸಣ್ಣ ಪ್ರಮಾಣದಲ್ಲಿ ನುಂಗುತ್ತಿದ್ದರು. ಮೊದಲ ಸಲ ನುಂಗಿದ ದಿನ ಕ್ವಾರ್ಟರ್ಸಿನ ಅಂಗಳದಲ್ಲೇ ಕಣ್ಣು ಕತ್ತಲೆ ಬಂದು ಕುಸಿದಿದ್ದರಂತೆ. ಮೂಗು ಕಟ್ಟಿದ್ದು ಧೂಳಿಗಲ್ಲ, ಆ ಗುಳಿಗೆಗೆ; ಅಂದಿನಿಂದ ಬಿಟ್ಟಿಲ್ಲ.

"ಮೊದ್ಲ ಜಾನುವಾರಕ್ಕ ಕೊಟ್ಟು ಆಮ್ಯಾಲ ಮನುಷ್ಯಾಗ ಕೊಡಾದು ರಿವಾಜು. ನಾ ಉಲ್ಟಾ ಮಾಡೀನಿ ನೋಡ್ರಿ, ನಾ ನುಂಗಿ ಆಮ್ಯಾಲ ಎತ್ತಿಗಿ," ಎಂದು ನಕ್ಕು, ಕಿಟಕಿಯಾಚೆ ನೋಡಿದರು. "ಕಾಲೇಜಿನ್ಯಾಗ ಆ ಎಳಿ ಸಡಿಲಾದ್ರ ನಾವು ಚಪ್ಪಾಳಿ ಹೊಡೀತಿದ್ವಿ. ಎಳಿಗೇನ್ರಿ, ತಲಿ ಇರಲಿಲ್ಲ ಸುತ್ತಾಕ. ಮೂಗಿರಲಿಲ್ಲ ಕಟ್ಟಾಕ. ನಾಚಿಗಿ ಅಂತೂ ಇರಲೇ ಇಲ್ಲ."

ಗುಲ್ಬರ್ಗಾಕ್ಕೆ ಯಾವಾಗ ಹೊರಡುವುದು ಎಂದು ಕೇಳಿದೆ. ಕಾಲುಬಾಯಿ ಬೇನೆಯ ಲಸಿಕೆ ಮುಗಿಯಲಿ ಎಂದರು. ಅದಾದ ಮೇಲೆ ಮಳೆ ನಿಲ್ಲಲಿ ಎಂದರು. ಇನ್ನೊಮ್ಮೆ ಕೇಳಿದಾಗ ವರ್ಗದ ಆರ್ಡರು ಬರುವುದಿದೆ, ಹೊಸ ಊರಿಗೆ ಹೋಗಿ ನೋಡೋಣ ಎಂದರು. ಅಂದಿನಿಂದ ಗುಳಿಗೆಯನ್ನು ಮುಚ್ಚುಮರೆಯಿಲ್ಲದೆ, ಶಹಾಪುರದ ಡಾಕ್ಟರಿಗೆ ತೋರಿಸಿ, ಸರಿಯಾದ ಪ್ರಮಾಣದಲ್ಲೇ ನುಂಗತೊಡಗಿದ್ದರು. ಅದು ಕೆಲಸ ಮಾಡುತ್ತಲೂ ಇತ್ತು. ಶಹಾಪುರದಿಂದ ಸುರಪುರದವರೆಗೆ ಒಮ್ಮೆಯೂ ಗಾಡಿ ನಿಲ್ಲಿಸದೆ ಹೋದ ದಿನ, ಇಳಿದವರೇ ನನ್ನ ಬೆನ್ನು ಗುದ್ದಿ, "ಜಮೀನು ನೋಡಲಿಲ್ಲ ನೋಡ್ರಿ ಇವತ್ತ!" ಎಂದು ಹುಡುಗರಂತೆ ನಕ್ಕಿದ್ದರು. ಕಾಲೊನಿಯ ಹೆಂಗಸರು ಸಾರಿಗೆ ಉಪ್ಪು ಹಾಕಿದರು. ಎಲ್ಲ ಸುಸೂತ್ರವಾಗಿತ್ತು. ನನ್ನಂಥವನೂ ಆ ಒಂದು ಚಿಂತೆಯನ್ನು ಬಿಟ್ಟೆ.

ಅವರಿಗೆ ವರ್ಗವಾಯಿತು. ಗೋಡೆಯ ಆಚೆ ಬೇರೆ ಯಾರೋ ಬಂದರು. ಮತ್ತೆ ಅವರನ್ನು ಕಂಡದ್ದು ಹಲವು ವರ್ಷಗಳ ಮೇಲೆ, ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಶಿರವಾಳದಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿ ಹೊರಟಿದ್ದರು. ಪಾದ ಬಾತು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿತ್ತು. ಅವರು "ಫಿಕರ್ ಸಾಹೇಬ್ರ" ಎಂದು ಕರೆದಾಗ ನಾನು ಒಮ್ಮೆಗೆ ತಿರುಗಲಿಲ್ಲ, ದನಿ ಗುರುತು ಹತ್ತಲಿಲ್ಲ. ಮೂಗು ಬಿಟ್ಟಿತ್ತು. ಸ್ವಚ್ಛವಾದ, ಕೇಳಲು ಹಿತವಾದ ದನಿ... ಅದೇ ನನಗೆ ಗಾಬರಿ ಹುಟ್ಟಿಸಿತು.

"ಗುಳಿಗಿ ಬಿಡಿಸ್ಯಾರ್ರಿ. ಈಗ ಉಚ್ಚಿಗಿ ನಳಿಗಿ ಹಾಕ್ಯಾರ," ಎಂದು ಧೋತರದ ಮೇಲೆ ಕೈಯಾಡಿಸಿದರು. "ನೀರು ಹಿಂದಕ್ಕೆ ಏರಿ ಕಿಡ್ನಿಗಿ ಬಡದದ. ಒಳಗಿಂದ ಒಳಗ. ನೋವಿಲ್ಲ ಏನಿಲ್ಲ, ತಿಳೀಲೇ ಇಲ್ಲ." ಆಮೇಲೆ, "ಎತ್ತು ಹ್ಯಾಂಗದ?" ಎಂದರು.

ಮುಪ್ಪಾಗುವವರೆಗೂ ದುಡಿದು, ಅಣ್ಣನ ಹೊಲದ ಬದುವಿನಲ್ಲೇ ಮಣ್ಣಾಯಿತು ಎಂದೆ.

"ಅದಕ್ಕ ಮಾತು ಕೊಟ್ಟಿದ್ದೆ," ಎಂದರು. ಬಾತ ಪಾದವನ್ನು ಚಪ್ಪಲಿಯಿಂದ ಬಿಡಿಸಿಕೊಂಡರು. "ಎಳಿ ಸಡಿಲಾಗಾದು ನೋಡಿ ನೋಡಿ ಖುಷಿ ಪಟ್ಟೆ. ಗಡ್ಡಿ ತನ್ನ ಪಾಡಿಗಿ ತಾನು ಬೆಳೀತಿತ್ತು. ಅದನ್ನ ಆ ಡ್ರಮ್ಮು ಬರೀತಿರಲಿಲ್ರಿ... ದವಾದ್ದೇನೂ ತಪ್ಪಿಲ್ಲ. ಅದು ತನ್ನ ಕೆಲಸಾ ಮಾಡ್ತು. ಆರಾಮ ಅದ ಅಂತ ನಾ ಮತ್ತ ತೋರಿಸಾಕ ಹೋಗಲಿಲ್ಲ."

ಬಸ್ಸು ಬಂತು. ಹತ್ತಲು ಕೈ ಕೊಟ್ಟೆ. ಮೈ ತೂಕವಿರಲಿಲ್ಲ. ಕೆಲವು ತಿಂಗಳಲ್ಲೇ ಅವರು ತೀರಿಕೊಂಡ ಸುದ್ದಿ ಬಂತು, ಮಣ್ಣೂ ಮುಗಿದ ಮೇಲೆ.

ನನ್ನ ಮೂಗು ಕಟ್ಟಿದ ಆ ಬೆಳಿಗ್ಗೆ, ಇದೆಲ್ಲ ನೆನೆಯುವಷ್ಟರಲ್ಲಿ ಚಹಾ ಆರಿಹೋಯಿತು. ಹೆಂಡತಿ ಲೋಟ ಎತ್ತಿಕೊಳ್ಳುತ್ತ, "ಯಾದಗಿರಿ ಡಾಕ್ಟ್ರು ಗಡ್ಡಿದು ಸ್ಕ್ಯಾನಿಂಗ್ ಮಾಡಿಸ್ರಿ ಅಂದಿದ್ರಲ್ಲ, ಯಾವಾಗ?" ಎಂದಳು. ಗುಳಿಗೆಯಿಂದ ಆರಾಮಿದೆ, ತೊಗರಿ ರಾಶಿಗೆ ಅಣ್ಣನ ಮನೆಗೆ ಹೋಗಿ ಬಂದ ಮೇಲೆ ನೋಡೋಣ... ಎಂದು ಹೇಳಲು ಬಾಯಿ ತೆರೆದೆ. ಆ ಮಾತು ಆ ದನಿಯಲ್ಲಿ ಹೊರಬರುವುದನ್ನು ಕೇಳಲು ನನಗೆ ಧೈರ್ಯ ಸಾಲಲಿಲ್ಲ. "ನಾಳಿಗೇ" ಎಂದೆ.

ಯಾದಗಿರಿಯ ಬಸ್ಸು ಕೆಡಲಿಲ್ಲ. ಭೀಮೆಯ ಸೇತುವೆ ನಿಂತೇ ಇತ್ತು. ಸ್ಕ್ಯಾನಿಂಗಿನ ಮಿಷನ್ನೂ ಕೆಟ್ಟಿರಲಿಲ್ಲ. ಆ ಮೇಜಿನ ಮೇಲೆ ಮಲಗಿದಾಗ ಅಚಾತುರ್ಯವಾಗಿಬಿಟ್ಟರೆ ಎಂಬ ಭಯಕ್ಕೆ ಬಸ್‌ಸ್ಟ್ಯಾಂಡಿನಲ್ಲೊಮ್ಮೆ, ಹೋಟೆಲಿನಲ್ಲೊಮ್ಮೆ, ಅಲ್ಲಿ ಒಳಗೆ ಕರೆಯುವ ಮೊದಲು ಮತ್ತೊಮ್ಮೆ ಹೋಗಿ ಬಂದೆ. ಎಲ್ಲ ತಯಾರಿ ಮುಗಿಸಿದವನಂತೆ ಹೊಟ್ಟೆಯ ಮೇಲಿನ ಗುಂಡಿ ಬಿಚ್ಚಿ ಮಲಗಿದೆ. ಹುಡುಗಿ ತಣ್ಣನೆಯ ಜೆಲ್ಲು ಹಚ್ಚಿ, ಪರದೆ ನೋಡಿ, ನನ್ನ ಮುಖ ನೋಡಿದಳು.

"ಅಂಕಲ್, ಈಗ ಹೋಗಿ ಬಂದ್ರೇನು?"

"ಹೌದವ್ವಾ, ಪೂರಾ ಖಾಲಿ ಮಾಡ್ಕೊಂಡ ಬಂದೀನಿ."

"ಯಾಕ ಹೋದ್ರಿ? ತುಂಬಿದ್ರ ಅಷ್ಟ ಕಾಣ್ತದ. ಹೊರಗ ಕುಂತು ನೀರು ಕುಡೀರಿ, ತಡಕೊಳ್ಳಾಕ ಆಗಲ್ಲ ಅನ್ನೂತನ ಬರಬ್ಯಾಡ್ರಿ."

ಹೊರಗೆ ಬೆಂಚಿನ ಮೇಲೆ ಹೆಂಡತಿಗೆ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿ ನಕ್ಕು, ನಗು ನಿಂತ ಮೇಲೆ ನೀರು ತರಲು ಹೋದಳು. ಈ ಸಂಗತಿಯನ್ನು ಓಡಿಹೋಗಿ ಹೇಳಬೇಕಾದ ಮನುಷ್ಯ ಒಬ್ಬರೇ ಇದ್ದರು. ಪೂರ್ತಿ ಕೇಳಿಸಿಕೊಂಡು, ತೊಡೆ ತಟ್ಟಿ, ಇನ್ನೊಮ್ಮೆ ಹೇಳಿಸುತ್ತಿದ್ದರು. ಅವರು ಇಲ್ಲದ್ದು ಇಷ್ಟು ವರ್ಷಗಳಲ್ಲಿ ನನಗೆ ಎಂದೂ ಅಷ್ಟು ಸ್ಪಷ್ಟವಾಗಿ ತಟ್ಟಿರಲಿಲ್ಲ. ಪಕ್ಕದಲ್ಲಿ ಯಾರದೋ ಸರದಿ ಕೂಗಿದರು. ಹೆಂಡತಿ ಬಾಟಲಿಯ ಮುಚ್ಚಳ ತಿರುವಿ ಕೈಗೆ ಕೊಟ್ಟಳು, ನಾನು ಕುಡಿಯುತ್ತ ಕುಳಿತೆ.